ಗುಂಡನ ಬಿಸ್ಕತ್ತು

ಮಾರ್ಚ್ ೧೪, ಗುರುವಾರ

ವಿಷ ಎಂಬ ಮಾತು ನನ್ನ ಬಾಯಿಂದ ಯಾಕಾದರೂ ಬಂತೋ.

ನಮ್ಮ ನಾಯಿ ಗುಂಡನಿಗೆ ಕಿಡ್ನಿ ಕೆಟ್ಟಿದೆಯಂತೆ. "ಬಿಸ್ಕತ್ತು, ಉಪ್ಪು, ನಿಮ್ಮ ತಟ್ಟೆ ಊಟ ಯಾವ್ದೂ ಬೇಡ. ನಾನು ಬರ್ದುಕೊಟ್ಟಿದ್ದನ್ನ ಮಾತ್ರ ಹಾಕಿ," ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಆ ಆಹಾರದ ಚೀಲ ತಂದಿದ್ದಾಯಿತು. ಅಪ್ಪನಿಗೆ ಹೇಳುವುದೇ ಕಷ್ಟವಾಗಿತ್ತು. ಅಮ್ಮ ಹೋದಮೇಲೆ ಅವರು ಬಾಯಿಬಿಟ್ಟು ಮಾತಾಡುವುದು ಗುಂಡನ ಹತ್ತಿರ ಮಾತ್ರ, ಅದೂ ಸಂಜೆ ಚಹಾದ ಜೊತೆ ಬಿಸ್ಕತ್ತು ಮುರಿದು ಅವನಿಗೂ ಹಂಚುವಾಗ.

"ಅಪ್ಪಾ, ಇನ್ಮೇಲೆ ಅವನಿಗೆ ಬಿಸ್ಕತ್ತು ಕೊಡ್ಬೇಡಿ. ವಿಷ ಹಾಕಿದ ಹಾಗಾಗುತ್ತೆ," ಎಂದೆ.

ಅಪ್ಪ ಕೈಯಲ್ಲಿದ್ದ ಚೂರನ್ನೇ ನೋಡಿದರು. "ಇಷ್ಟು ದಿನ ನಾನೇ ಹಾಕ್ತಿದ್ನಾ?"

"ಹಾಗಲ್ಲಪ್ಪಾ, ಅವನಿಗೆ ವಯಸ್ಸಾಗಿದೆ ಅಷ್ಟೇ," ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಗುಂಡ ಹೊಸ ಆಹಾರವನ್ನು ಮೂಸಿ, ಮುಖ ತಿರುಗಿಸಿ, ಅಪ್ಪನ ಪಾದದ ಮೇಲೆ ಗದ್ದ ಊರಿದ. ಅಪ್ಪ ಮೆಲ್ಲಗೆ ಕಾಲೆಳೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಊಟಕ್ಕೂ ಬರಲಿಲ್ಲ.

ಗುಂಡ ಈಗಲೂ ಆ ಬಾಗಿಲಿಗೆ ಒರಗಿ ಮಲಗಿದ್ದಾನೆ, ಹೊಟ್ಟೆಗೆ ಏನೂ ಇಲ್ಲ. ಅಪ್ಪ ಒಳಗಿನಿಂದಲೇ ಅವನ ಹತ್ತಿರ ಏನೋ ಮೆಲುದನಿಯಲ್ಲಿ ಹೇಳುತ್ತಿದ್ದಾರೆ. ಬಾಗಿಲು ಮಾತ್ರ ತೆಗೆಯುತ್ತಿಲ್ಲ. ಹೋಗಿ ತಟ್ಟೋಣವೆಂದರೆ, ತಟ್ಟಿ ನಾನು ಏನೆಂದು...