ನಲವತ್ತು ಪರ್ಸೆಂಟಿನ ಕೆನೆ

ಹೆಮ್ಮಿಗೆ
10 ಫೆಬ್ರವರಿ 2025, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಮ್ಮ,

ನಾನೂ ಅಜ್ಜಿಯೂ ಚೆನ್ನಾಗಿದ್ದೇವೆ. ನೀನು ಆಸ್ಪತ್ರೆಯ ಬೆಂಚಿನ ಮೇಲೆ ನಿದ್ದೆ ಮಾಡುತ್ತಿದ್ದೀಯೋ ಇಲ್ಲವೋ ಅಂತ ದಿನಾ ಅಂದುಕೊಳ್ಳುತ್ತೇನೆ. ಗುರುವಾರದಿಂದ ನಿನ್ನ ಫೋನ್ ಎತ್ತದೆ ಬರೀ ‘ಓಕೆ’ ಅಂತ ಮೆಸೇಜ್ ಹಾಕಿದ್ದಕ್ಕೆ ಸಾರಿ. ಫೋನಿನಲ್ಲಿ ಹೇಳೋಣವೆಂದರೆ ನೀನು ಯಾವಾಗಲೂ ಸ್ಪೀಕರ್ ಹಾಕಿರುತ್ತೀಯ, ಪಕ್ಕದಲ್ಲೇ ರಾಜು ಕೂತಿರುತ್ತಾನೆ. ಅದಕ್ಕೇ ಕೆನೆಯ ಡಬ್ಬದ ಜೊತೆ ಈ ಕಾಗದವನ್ನೂ ಚಿಕ್ಕಸ್ವಾಮಿ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಹಾಸ್ಟೆಲಿನಲ್ಲಿ ಭಾನುವಾರ ಭಾನುವಾರ ಮನೆಗೆ ಲೆಟರ್ ಬರೆಸುತ್ತಿದ್ದರಲ್ಲ, ಅದು ಇಂಗ್ಲಿಷಿನಲ್ಲಿ. ವಾರ್ಡನ್ ಓದಿ ಪಾಸ್ ಮಾಡಿದ ಮೇಲೇ ಕವರಿಗೆ ಹೋಗುತ್ತಿತ್ತು. ಬೇರೆ ಯಾರೂ ಓದದ ಕಾಗದವನ್ನು ನಿನಗೆ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಮೊದಲು ಕೆನೆಯ ಕಥೆ. ಡಯಟೀಷಿಯನ್ ಮೇಡಂ ‘ನಲವತ್ತು ಪರ್ಸೆಂಟ್ ಫ್ಯಾಟ್ ಇರಬೇಕು, ಸಕ್ಕರೆ ಒಂದು ಕಾಳೂ ಇರಬಾರದು’ ಅಂತ ಹೇಳಿದಾಗ ನಾನು ಅಂಗಡಿಯಲ್ಲಿ ಸಿಕ್ಕಿಬಿಡುತ್ತದೆ ಅಂದುಕೊಂಡಿದ್ದೆ. ನಂಜನಗೂಡಿನಲ್ಲಿ ಎಲ್ಲ ಕಡೆಯೂ ಇಪ್ಪತ್ತೈದು ಪರ್ಸೆಂಟಿನದೇ. ನರಸೀಪುರದ ಬೇಕರಿಯಲ್ಲಿ ಕೇಕಿಗೆ ಹಾಕುವ ಕ್ರೀಮ್ ತೋರಿಸಿದರು. ಪ್ಯಾಕೆಟ್ಟಿನ ಹಿಂದೆ ಓದಿದರೆ ಮೊದಲ ಪದವೇ ಶುಗರ್. ‘ಸಕ್ಕರೆ ಇಲ್ಲದ್ದು ಬೇಕು, ಕೀಟೋ ಡಯಟ್‌ಗೆ’ ಅಂದೆ. ಬೇಕರಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾಕವ್ವ, ಇರೋದೇ ಕಡ್ಡಿ ಅಂಗೆ, ಇನ್ನೇನ್ ಇಳಿಸ್ಬೇಕು ಅಂತ?” ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫಿಟ್ಸ್ ಬರುವ ತಮ್ಮನಿಗೆ ಇದೇ ಔಷಧಿ ಅಂತ ಆ ಜನರ ಮುಂದೆ ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ಹುಲ್ಲಹಳ್ಳಿಯಲ್ಲಿ ಹಾಲಿನಿಂದ ಕೆನೆ ತೆಗೆಯುವ ಮಿಷನ್ ಇಟ್ಟುಕೊಂಡಿರುವ ನಂಜುಂಡೇಶ್ ಅಣ್ಣ ಸಿಕ್ಕಿದರು. “ಕೆನೆ ಮಾರಲ್ಲ ಕಣವ್ವ, ಬೆಣ್ಣೆ ಬೇಕಾದ್ರೆ ತಗೊಂಡೋಗು” ಅಂದರು. ಈ ಸಲ ಬಾಯಿ ಬಿಟ್ಟು ಎಲ್ಲ ಹೇಳಿದೆ. ಅವರು “ಬಾಯಲ್ಲಿ ನೊರೆ ಬತ್ತದಾ?” ಅಂತ ಕೇಳಿದರು. ಬರುತ್ತದೆ ಅಂದೆ. ಮಿಷನ್ನಿನ ಸ್ಕ್ರೂ ಬಿಗಿಮಾಡಿ ಗಟ್ಟಿ ಕೆನೆ ತೆಗೆದುಕೊಟ್ಟರು. ಕೊಬ್ಬು ಅಳೆಯುವ ಡೇರಿಯ ಫ್ಯಾಟ್ ಮಿಷನ್ ಅಷ್ಟು ದಪ್ಪದ್ದನ್ನು ಓದುವುದಿಲ್ಲ. ನಾನು ಕಾಲೇಜಿನ ಲ್ಯಾಬಿನಲ್ಲಿ ಮಾಡುವ ಹಾಗೆ, ಕೆನೆ ತೆಗೆದ ಹಾಲಿಗೆ ಹತ್ತರಲ್ಲಿ ಒಂದು ಪಾಲು ಈ ಕೆನೆ ಬೆರೆಸಿ ಹಾಕಿಸಿದೆ. ನಾಲ್ಕು ಬಂತು. ಹತ್ತರಿಂದ ಗುಣಿಸಿ ನೋಡಿ ಅಲ್ಲೇ ಕುಣಿಯುವಂತಾಯಿತು ಅಮ್ಮ.

ಆ ಮೊದಲ ಡಬ್ಬವನ್ನು ನಾನೇ ಮೈಸೂರಿಗೆ ತಂದುಕೊಟ್ಟೆ. ರಾಜುವಿನ ಮೂತ್ರದಲ್ಲಿ ಅದ್ದಿ ನೋಡುವ ಕೀಟೋನ್ ಪಟ್ಟಿ ಕಡು ನೇರಳೆಗೆ ತಿರುಗಿತು, ಫಿಟ್ಸ್ ನಿಂತಿತು. ಎರಡನೆಯದನ್ನು ಅಜ್ಜಿ ಕಟ್ಟಿ ಮಾವನ ಕೈಗೆ ಕೊಟ್ಟರು. ರಾಜು ಫೋನ್ ಮಾಡಿ, “ಅಕ್ಕಾ, ಈ ಸಲದ ಕೆನೆ ಸೂಪರ್!” ಅಂದ. ಪಾಪ, ನಾಲಿಗೆಗೆ ಒಗ್ಗಿತು ಅಂತ ನಾವೂ ಖುಷಿಪಟ್ಟೆವು. ಆಮೇಲೆ ಪಟ್ಟಿಯ ಬಣ್ಣ ಇಳಿಯಿತು. ಗುರುವಾರ ಮತ್ತೆ ಫಿಟ್ಸ್ ಬಂತು. ಮೇಡಂ ‘ಹೊರಗಿನದು ಏನೋ ತಿಂದಿದ್ದಾನೆ’ ಅಂದರು. ನೀನು ಅವನಿಗೆ ಹೊಡೆದೆ. ಅದು ನನಗೆ ಫೋನಿನಲ್ಲಿ ಕೇಳಿಸಿತು. “ಬೆಡ್ಡಿನ ಪಕ್ಕದವರ ಬಿಸ್ಕತ್ ಕದ್ದಿಯೇನೋ? ನಿಜ ಬೊಗಳೋ!” ಅಂತ ನೀನು, “ಇಲ್ಲ ಅಂತೀನಲ್ಲಮ್ಮ, ಇಲ್ಲ ಅಂತೀನಲ್ಲ” ಅಂತ ಅವನು.

ಅಮ್ಮ, ರಾಜು ಏನೂ ಕದ್ದಿಲ್ಲ.

ಇವತ್ತು ನಸುಕಿನಲ್ಲಿ ಅಡುಗೆಮನೆಗೆ ಹೋದರೆ ಅಜ್ಜಿ ಡಬ್ಬದ ಮುಚ್ಚಳ ತೆಗೆದು ಸಕ್ಕರೆ ಹಾಕಿ ಕದಡುತ್ತಿದ್ದರು.

“ಅಜ್ಜಿ! ಏನ್ ಮಾಡ್ತಿದ್ದೀಯ?”

“ಯಾಕಂಗೆ ಕಿರುಚ್ತೀಯ? ಆಲಾಗ್ಲಿ ಕೆನೆಯಾಗ್ಲಿ, ಬರೀದು ಒಳೆ ದಾಟಬಾರ್ದು ಕಣವ್ವ. ನಮ್ಮತ್ತೆ ಕಾಲದಿಂದ್ಲೂ ಇಂಗೇ. ಸೀ ಇಲ್ದೆ ಕಳಿಸಿದ್ರೆ ಕುಡಿಯೋ ಮಗೀಗೆ ಕೆಡುಕು.”

“ಹೋದ ಸಲಾನೂ ಹಾಕಿದ್ಯಾ?”

“ಮತ್ತೆ? ಮೊದಲ್ನೇ ಸತಿ ನೀನು ನಂಗೆ ಏಳ್ದೆ ಕೇಳ್ದೆ ಎತ್ಕೊಂಡು ಓದೆ. ಆವತ್ತೆಲ್ಲ ನಂಗೆ ಅನ್ನ ಸೇರ್ಲಿಲ್ಲ. ಅದಕ್ಕೇ ಎರಡ್ನೇ ಸತಿ ಒಂದ್ ಇಡಿ ಜಾಸ್ತೀನೇ ಆಕ್ದೆ.”

ಸಕ್ಕರೆ ಬೇಡ ಅಂತ ಅವರಿಗೆ ಯಾರೂ ಹೇಳಿಲ್ಲ ಅಮ್ಮ. ನೀನೂ ಹೇಳಿಲ್ಲ, ನಾನೂ ಹೇಳಿಲ್ಲ. ಅನ್ನ ಬೇಡ, ಮುದ್ದೆ ಬೇಡ, ಬಿಸ್ಕತ್ ಬೇಡ ಅಂತ ಹೇಳಿದೆವು. ಸಕ್ಕರೆಯನ್ನು ಅವರು ತಿಂಡಿಯ ಲೆಕ್ಕಕ್ಕೇ ಇಟ್ಟಿಲ್ಲ, ಅದು ಅವರಿಗೆ ಶಾಸ್ತ್ರ. ನೀನಾದರೋ ತೂಕ ತಪ್ಪುತ್ತದೆ ಅಂತ ಚಮಚಕ್ಕೆ ಅಂಟಿದ್ದನ್ನೂ ಅವನಿಗೇ ಬಳಿದು ಹಾಕುತ್ತೀಯ, ಒಂದು ತೊಟ್ಟೂ ರುಚಿ ನೋಡಿಲ್ಲ. ಅವನೊಬ್ಬನೇ ರುಚಿ ನೋಡಿದ್ದು, ಅವನು ನಿಜವನ್ನೇ ಹೇಳಿದ.

ಫಿಟ್ಸ್ ಬಂದದ್ದು ಆ ಸಕ್ಕರೆಯಿಂದ ಅಂತ ನಾನು ಅಜ್ಜಿಗೆ ಹೇಳಿಲ್ಲ. ಹೇಳಿದರೆ ಅವರು ಇನ್ನು ಅವನನ್ನು ಮುಟ್ಟುವುದಕ್ಕೂ ಹೆದರಿಬಿಡುತ್ತಾರೆ. ‘ಔಷಧಿಗೆ ಸೀ ಆಗಲ್ಲವಂತೆ, ಬೇರೆ ಏನಾದರೂ ನಡೆಯುತ್ತಾ?’ ಅಂತ ಕೇಳಿದೆ. ತುಂಬಾ ಯೋಚನೆ ಮಾಡಿ, “ಒಣಮೆಣಸಿನಕಾಯಿ ನಡೀತದೆ, ಆದ್ರೆ ಒರಗೆ ಕಟ್ಟಬೇಕು” ಅಂದರು. ಆ ಡಬ್ಬವನ್ನು ಚೆಲ್ಲಿ, ಫ್ರಿಜ್ಜಿನಲ್ಲಿ ಉಳಿದಿದ್ದ ಕೆನೆಯನ್ನು ಬೇರೆ ಡಬ್ಬಕ್ಕೆ ತುಂಬಿ ನಾನೇ ಮುಚ್ಚಿದ್ದೇನೆ. ಸ್ವಲ್ಪವೇ ಇದೆ, ನಾಳೆ ಹುಲ್ಲಹಳ್ಳಿಗೆ ಹೋಗುತ್ತೇನೆ. ಹಿಡಿಗೆ ಕಟ್ಟಿರುವ ಮೆಣಸಿನಕಾಯಿ ನೋಡಿ ಬೈಯಬೇಡ. ನಿನ್ನ ಅತ್ತೆಯ ಮೇಲಿನ ಹಳೆಯ ಸಿಟ್ಟನ್ನೆಲ್ಲ ಇದಕ್ಕೆ ಸೇರಿಸಬೇಡ, ಪ್ಲೀಸ್.

ಮೇಡಂಗೆ ಇವತ್ತೇ ಹೇಳು. ಡಯಟ್ ಫೇಲಾಗಿಲ್ಲ ಅಂತ ಅವರಿಗೆ ಗೊತ್ತಾಗಲಿ. ಇಲ್ಲದಿದ್ದರೆ ಈ ವಾರ ನಿಲ್ಲಿಸಿಬಿಡುತ್ತಾರೆ ಅಂತ ನನಗೆ ಭಯ. ಅದಕ್ಕೂ ಮೊದಲು ರಾಜುವಿಗೆ ಹೇಳು. ಮಗ ಅಂತ ಸುಮ್ಮನೆ ತಲೆ ಸವರಿಬಿಡಬೇಡ. ‘ನೀನು ಕದ್ದಿರಲಿಲ್ಲ, ನಾನು ತಪ್ಪು ತಿಳಿದೆ’ ಅಂತ ಬಾಯಿಬಿಟ್ಟು ಹೇಳು.

ಅವನಿಗೆ ನನ್ನ ಮುತ್ತು. ನಿನಗೆ ಒಂದು ರಾತ್ರಿಯಾದರೂ ಒಳ್ಳೆಯ ನಿದ್ದೆ ಬರಲಿ ಅಂತ ದೇವರು ನಂಜುಂಡನನ್ನು ಕೇಳಿಕೊಂಡಿದ್ದೇನೆ.

ನಿನ್ನ ಮಗಳು,
ಪಲ್ಲವಿ

ತಾ.ಕ.: ಅಡ್ಮಿಟ್ ಮಾಡಿದ ದಿನ ಡಾಕ್ಟರು ‘ಯಾವಾಗ ಶುರುವಾಯಿತು?’ ಅಂತ ಕೇಳಿದಾಗ ನೀನು, “ಒಂದು ವರ್ಷದ ಮಗು ಇದ್ದಾಗ ಸಾರ್, ಇವರಕ್ಕ ಎತ್ಕೊಂಡಿದ್ದವಳು ಬೀಳಿಸ್ಬಿಟ್ಲು” ಅಂದೆ. ನಾನು ಬಾಗಿಲಲ್ಲೇ ನಿಂತಿದ್ದೆ. ಎಲ್ಲ ಡಾಕ್ಟರಿಗೂ ಹೀಗೇ ಹೇಳಿದ್ದೀಯೇನೋ. ಅವನು ಬಿದ್ದ ವರ್ಷವೇ ನನ್ನನ್ನು ಹಾಸ್ಟೆಲಿಗೆ ಹಾಕಿದಿರಿ. ಇಂಗ್ಲಿಷ್ ಕಲಿಯಲಿ ಅಂತ ಅಂದಿರಿ. ನನಗೆ ಆಗ ಹತ್ತು ವರ್ಷ. ರಾಜುವನ್ನಾದರೂ ನೀನು ಹೊಡೆದು ಕೇಳಿದೆ, ಅವನು ಇಲ್ಲ ಅಂದ. ನನ್ನನ್ನು ಕೇಳಲೇ ಇಲ್ಲ. ಅಮ್ಮ, ನಾನು ಬೀಳಿಸಲಿಲ್ಲ. ಅವನು ಮೊದಲು ನನ್ನ ಕಂಕುಳಲ್ಲೇ, ಈಗ ಫಿಟ್ಸ್ ಬಂದಾಗ ಸೆಟೆಯುವ ಹಾಗೇ ಸೆಟೆದುಕೊಂಡ. ಆಮೇಲೆ ಬಿದ್ದ.