ಅಕ್ಕನ ಮುಂದಿನ ಹಲ್ಲು

ಅಕ್ಕಾ,

ನನ್ನ ಕೆಮ್ಮು ಹೋಯಿತು. ಕಟ್ಟುವ ಹಲ್ಲು ತಯಾರಿಸುವ ಈ ಅಂಗಡಿಯಲ್ಲಿ ಚೀಟಿ ಬರೆಯುವುದು ನನ್ನ ಕೆಲಸ. ಇಲ್ಲಿನ ಹಿರಿಯ ಕೆಲಸಗಾರರೊಬ್ಬರನ್ನು ಎಲ್ಲರೂ ಹಲ್ಲಜ್ಜ ಎನ್ನುತ್ತಾರೆ. ಅವರು ಹಲ್ಲಿನ ಬಣ್ಣ ನೋಡುವುದು ಬೆಳಗಿನ ಕಿಟಕಿಯ ಬೆಳಕಿನಲ್ಲಿ ಮಾತ್ರ. ನೀನು ಕಟ್ಟಿಸಿದ ಹಲ್ಲು ಸುಣ್ಣ ಬಳಿದಂತೆ ಕಾಣುವುದೇಕೆಂದು ನಿನ್ನೆ ಧೈರ್ಯ ಮಾಡಿ ಕೇಳಿದೆ. ಅವರು ಎರಡು ಹಲ್ಲುಗಳನ್ನು ಬೆಳಕಿಗೆ ಹಿಡಿದರು. ಒಂದು ಬೆಳಕನ್ನು ಗೋಡೆಯಂತೆ ತಡೆಯಿತು. ಇನ್ನೊಂದರ ಅಂಚಿನೊಳಗೆ ಬೆಳಕು ಹೊಕ್ಕು, ಅಂಚು ನೀರು ಬೆರೆಸಿದ ಹಾಲಿನಂತೆ ತುಸು ನೀಲಿಯಾಯಿತು.

"ಬಿಳುಪು ಜಾಸ್ತಿಯಾಗಿ ಅಲ್ಲಮ್ಮ, ಬೆಳಕು ಒಳಗೆ ಹೋಗ್ತಿಲ್ಲ. ನಿಮ್ಮಕ್ಕನ್ನ ಕರ್ಕೊಂಡು ಬಾ, ಬೇರೆ ಮಾಡ್ಕೊಡ್ತೀನಿ. ಆದ್ರೆ ನನ್ನೆದುರು ನಗಬೇಕು. ಬಾಯಿಗೆ ಕೈ ಅಡ್ಡ ಹಿಡಿಯೋ ಹಾಗಿಲ್ಲ" ಎಂದರು.

ಶನಿವಾರ ಬೆಳಿಗ್ಗೆ ಹತ್ತರೊಳಗೆ ಬಾ. ಮೋಡ ಮುಚ್ಚಿದರೆ ಭಾನುವಾರವೂ ಉಳಿಯಬೇಕಾದೀತು, ಒಂದು ಜೊತೆ ಬಟ್ಟೆ ಇರಲಿ. ನಗುವಾಗ ನೀನು ಕೈ ಅಡ್ಡ ಹಿಡಿಯುವ ವಿಷಯ ನಾನು ಹೇಳಿರಲಿಲ್ಲ, ನಿನ್ನಾಣೆ.

ನಿನ್ನ ತಂಗಿ