ಕೀರ್ತನ ಮಾಡಿದ ಪೀಸು

ಫೆಬ್ರವರಿ 12, 1996. ಪಾಂಡವಪುರ, ಹಾಸ್ಟೆಲ್

ಮತ್ತೆ ವರ್ಕ್‌ಶಾಪು. ಮತ್ತೆ ಅದೇ ಸ್ಟೂಲು. ಮೆಕ್ಯಾನಿಕಲ್ ಡಿಪ್ಲೊಮಾಗೆ ಸೇರಿ ಇಷ್ಟು ತಿಂಗಳಾಯಿತು, ಇನ್ನೂ ಒಂದು ಅರ ಹಿಡಿದಿಲ್ಲ. ಹುಡುಗರು ಅರದಲ್ಲಿ ಕಬ್ಬಿಣ ಉಜ್ಜುತ್ತಾರೆ. ನಾನು ಅವರ ರೆಕಾರ್ಡಿಗೆ ಡ್ರಾಯಿಂಗ್ ಹಾಕಿಕೊಡುತ್ತೇನೆ. ನನ್ನ ಪಾಲಿನ ಪೀಸನ್ನು ಪಕ್ಕದ ಬೆಂಚಿನ ಪ್ರಸಾದ್ ಉಜ್ಜುತ್ತಾನೆ. ಕ್ಲಾಸಿಗೆ ಒಬ್ಬಳೇ ಹುಡುಗಿ, ಅದಕ್ಕೆ ವರ್ಕ್‌ಶಾಪಿನ ದೇವರಾಜು ಸರ್ ಮಾಡಿದ ಏರ್ಪಾಡು. ಇವತ್ತು ಧೈರ್ಯ ಮಾಡಿ ಕೇಳಿದೆ.

"ಸರ್, ನಾನೇ ಮಾಡ್ಲಾ?"

"ಯಾಕವ್ವ? ಕೈಗಿಯ್ ಕುಯ್ಕಂಡ್ರೆ ನಿಮ್ಮಪ್ಪಂಗೆ ಯಾರು ಉತ್ರ ಹೇಳೋರು? ಮಾರ್ಕ್ಸ್ ಹಾಕ್ತಿಲ್ವಾ? ಕೂತ್ಕೊ."

ಹಾಕುತ್ತಾರೆ. ಹತ್ತಕ್ಕೆ ಒಂಬತ್ತು. ಆದರೆ ಏಪ್ರಿಲ್ ಪ್ರಾಕ್ಟಿಕಲ್‌ಗೆ ಹೊರಗಿನ ಎಕ್ಸಾಮಿನರ್ ಬರುತ್ತಾರೆ. ಆಗ ಯಾರು ಉಜ್ಜುತ್ತಾರೆ?

ಫೆ. 15

ಇಪ್ಪತ್ತೆಂಟಕ್ಕೆ ವಿಜ್ಞಾನ ದಿನ. ‘ಎಂಜಿನಿಯರಿಂಗ್‌ನಲ್ಲಿ ಮಹಿಳೆ’ ಅಂತ ಫಂಕ್ಷನ್. ಸನ್ಮಾನ ನನಗೆ! ಪ್ರಿನ್ಸಿಪಾಲ್ ಕರೆದು ಹೇಳಿದರು: ಕಾಲೇಜಿನ ಮೊದಲ ಮೆಕ್ಯಾನಿಕಲ್ ಹುಡುಗಿ, ಶಾಲು, ಹಾರ, ನೀನು ಎರಡು ಕಬ್ಬಿಣದ ತುಂಡು ಕೂಡಿಸಿ ಮಾಡಿದ ‘ವಿ’ ಜಾಯಿಂಟ್ ಟೇಬಲ್ ಮೇಲೆ, ಅದರ ಮುಂದೆ ‘ಕೀರ್ತನ ಮಾಡಿದ ಪೀಸು’ ಅಂತ ನಿನ್ನ ಹೆಸರು.

ನಾನು ಮಾಡಿದ —

"ಥ್ಯಾಂಕ್ಯೂ ಸರ್" ಅಂದುಬಿಟ್ಟೆ. ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಬೆಳೆದ ನಾಲಿಗೆ. ಭಯ ಆದಾಗೆಲ್ಲ ಅದೇ ಬರುತ್ತದೆ.

ಫೆ. 18, ಭಾನುವಾರ. ಕಿಕ್ಕೇರಿ

ಅಪ್ಪನ ಕುಲುಮೆಯಲ್ಲೇ ಕಲಿತುಬಿಡೋಣ ಅಂತ ಬಂದೆ. ಅಪ್ಪ ಕುಡುಗೋಲು ತಟ್ಟುತ್ತಿದ್ದರು. ಅವ್ವ ತಿದಿ ಒತ್ತುತ್ತಿದ್ದಳು. ಗೋಡೆಯಲ್ಲಿದ್ದ ಅರಕ್ಕೆ ಕೈ ಚಾಚಿದೆ, ಅಷ್ಟೇ, ಅಪ್ಪ ಕೂಗಿದರು.

"ಏ, ಮುಟ್‌ಬ್ಯಾಡ ಕಣವ್ವ! ಎಂಗುಸ್ರು ತಿದಿ ಒತ್ತಬೋದು, ಆಯುಧ ಮುಟ್ಟಂಗಿಲ್ಲ."

"ಮತ್ಯಾಕೆ ಅದನ್ನೇ ಓದಕ್ಕೆ ಸೇರ್ಸಿದ್ರಿ?"

"ಓದದು ಬ್ಯಾರೆ. ಇದು ಬ್ಯಾರೆ."

ಅಪ್ಪ ನಕ್ಕರು. "ಸ್ಟೇಜ್ ಮ್ಯಾಲೆ ಕೂರುಸ್ತರಂತೆ, ಹಾರ ಹಾಕ್ತರಂತೆ, ಇನ್ನೇನವ್ವ ಬೇಕು ನಿಂಗೆ? ನಾವಿಬ್ರೂ ಬತ್ತೀವಿ. ನಿಮ್ಮವ್ವ ಆಗ್ಲೇ ರೇಷ್ಮೆ ಸೀರೆ ಬಿಸ್ಲಿಗೆ ಹಾಕವ್ಳೆ."

ಅಲ್ಲೂ ಮುಟ್ಟುವ ಹಾಗಿಲ್ಲ. ಇಲ್ಲೂ ಇಲ್ಲ.

ಫೆ. 27, ಸಂಜೆ

ನಾಳೆ ನಿಜ ಹೇಳಿಬಿಡುತ್ತೇನೆ ಅಂತ ಪ್ರಸಾದ್‌ಗೆ ಹೇಳಿದೆ.

"ತಲೆ ಕೆಟ್ಟದಾ ನಿಂಗೆ? ಸರ್ ನನ್ನೂ ಹಿಡ್ಕೊಂಡು ರುಬ್ತರೆ. ಸುಮ್ಕೆ ಹಾರ ಹಾಕುಸ್ಕಂಡು ಇಳಿ. ಉತ್ಸವದ್ ದೇವ್ರು ಏನಾರ ಬಾಯ್ ಬುಡ್ತದಾ?"

ನಗು ಬಂತು. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ಫೆ. 28

ಸುಮ್ಮನಿರೋಣ ಅಂತಲೇ ಸ್ಟೇಜ್ ಹತ್ತಿದ್ದು. ಪ್ರಾಮಿಸ್. ಅತಿಥಿ ಮೇಡಂ ಪೀಸನ್ನು ಎತ್ತಿ ನೋಡಿ, ಮೈಕಿನಲ್ಲೇ ಕೇಳಿದರು, "ಎಷ್ಟು ಹೊತ್ತು ಬೇಕಾಯ್ತಮ್ಮ ಇದಕ್ಕೆ?"

"ಗೊತ್ತಿಲ್ಲ ಮೇಡಂ. ನಾನು ಮಾಡಿಲ್ಲ. ನಂಗೆ ಮಾಡಕ್ಕೇ ಬಿಟ್ಟಿಲ್ಲ."

ಯಾರೋ ಶಿಳ್ಳೆ ಹೊಡೆದರು. ದೇವರಾಜು ಸರ್ ಫ್ಯಾನ್ ನೋಡುತ್ತಿದ್ದರು. ಹಾರ ಆಗಲೇ ಕತ್ತಿನಲ್ಲಿತ್ತು. ತೆಗೆಯಬೇಕೋ ಬೇಡವೋ ತಿಳಿಯಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ, "ಅಂಗ್ಯಾಕಂದೆ ಮಗ? ಅಷ್ಟ್ ಜನದ ಮುಂದೆ..." ಅಂದಳು. ಅಪ್ಪ ಟಿಕೆಟ್ಟಿಗೆ ಚಿಲ್ಲರೆ ಎಣಿಸಿದರು. ಕೆ.ಆರ್. ಪೇಟೆ ಬಸ್ಸು ಬಂತು. ಹತ್ತಿದರು.

ಮಾರ್ಚ್ 4, ಸೋಮವಾರ

ಸರ್ ಎರಡು ತುಂಡು ಕಬ್ಬಿಣ ತಂದು ನನ್ನ ಮುಂದೆ ಎಸೆದರು. "ತಗಳವ್ವ, ಆಸೆ ತೀರ್ಲಿ. ಯಾರೂ ಸಹಾಯಕ್ಕೆ ಹೋಗಂಗಿಲ್ಲ. ಬಂದಷ್ಟೇ ಮಾರ್ಕ್ಸು."

ಪ್ರಸಾದ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಕಬ್ಬಿಣ ಕುಯ್ಯುವ ಹ್ಯಾಕ್ಸಾ ಬ್ಲೇಡು ಮುರಿದೆ. ಎಲ್ಲ ನಕ್ಕರು. ಇನ್ನೊಂದು ಹಾಕಿಕೊಂಡೆ. ಅರ ಜಾರಿ ಬೆರಳಿನ ಗಂಟು ತರಚಿತು. ಹತ್ತಕ್ಕೆ ಎರಡು. "ಏಪ್ರಿಲ್‌ಗೆ ಫೇಲು ಗ್ಯಾರಂಟಿ" ಅಂದರು ಸರ್. ಇರಬಹುದು.

ಉಜ್ಜಿದ್ದು ಸಮ ಇದೆಯಾ ನೋಡಲು ಮೂಲೆಮಟ್ಟ ಇಟ್ಟು ಕಿಟಕಿಗೆ ಹಿಡಿದೆ. ಸಂದಿಯಲ್ಲಿ ಬೆಳಕು. ಬೆಳಕು ಕಂಡ ಕಡೆಯೇ ಮತ್ತೆ ಉಜ್ಜಿದೆ. ಸಂದಿ ಇನ್ನೂ ದೊಡ್ಡದಾಯಿತು. ಪಕ್ಕದಿಂದ ಪ್ರಸಾದ್, ತಿರುಗಿಯೂ ನೋಡದೆ, "ಅಲ್ಲಲ್ಲ ಕಣೇ. ಆ ತುದಿ ಎತ್ರ ಅದೆ" ಅಂದ.

ಹೌದು, ಅಲ್ಲೇ ಎತ್ತರ; ಬೆಳಕು ಕಂಡಲ್ಲಿ ತಗ್ಗು. ನಾಳೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಮೊದಲು ಆ ತುದಿ ಉಜ್ಜಬೇಕು.